ಮಂಗಳದ ಚುಕ್ಕೆ ಕಲ್ಲು: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮಂಗಳ ಗ್ರಹದ ಬಗ್ಗೆಯೇ ಇವೆ. ಮಂಗಳದ ಮೇಲೆ ಓಡಾಡುತ್ತಿರುವ ನಾಸಾದ ಪರ್ಸಿವಿಯರೆನ್ಸ್ ರೋವರ್‌ಗೆ ಸಿಕ್ಕ ಚುಕ್ಕೆ ಕಲ್ಲಿನ ಸುದ್ದಿ ಎಲ್ಲರ ತಲೆಯಲ್ಲೂ ಕೂತಿದೆ, ನನ್ನ ತಲೆಯಿಂದಂತೂ ಇಳಿಯುತ್ತಲೇ ಇಲ್ಲ. ನಾನು ಭೂವಿಜ್ಞಾನದವಳು. ಹಳೆಯ ಕಾಲದ ಕೆಸರುಗಲ್ಲುಗಳನ್ನು ತೆಳ್ಳಗೆ ಉಜ್ಜಿ ಮೈಕ್ರೋಸ್ಕೋಪಿನಲ್ಲಿ ನೋಡುವುದೇ ನನ್ನ ಕಸುಬು. ಹಾಗಾಗಿ ಉತ್ತರಗಳಲ್ಲಿ ಕಲ್ಲಿನ ಮಾತು ಜಾಸ್ತಿ ಇರುತ್ತದೆ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಮಾಡಿದ್ದೇನೆ.

ಮೇಡಂ, ಟಿವಿಯಲ್ಲಿ ಮಂಗಳದಲ್ಲಿ ಜೀವ ಸಿಕ್ಕೇ ಬಿಟ್ಟಿತು ಅಂದರು. ಮರುದಿನ ಪೇಪರಿನಲ್ಲಿ ‘ಇನ್ನೂ ಖಚಿತವಿಲ್ಲ’ ಅಂತ ಬಂತು. ನಿಜವಾಗಿ ಏನು ಸಿಕ್ಕಿದೆ? — ನಿವೃತ್ತ ಶಿಕ್ಷಕರೊಬ್ಬರು

ಸಿಕ್ಕಿರುವುದು ಒಂದು ಕಲ್ಲು, ಮೇಷ್ಟ್ರೇ. ಜೀವಿ ಸಿಕ್ಕಿಲ್ಲ, ಪಳೆಯುಳಿಕೆಯೂ ಸಿಕ್ಕಿಲ್ಲ. ಆದರೆ ಮಂಗಳದಲ್ಲಿ ಇದುವರೆಗೆ ನೋಡಿದ ಕಲ್ಲುಗಳಲ್ಲಿ ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದದ್ದು ಬೇರೊಂದಿಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪರ್ಸಿವಿಯರೆನ್ಸ್ 2021ರ ಫೆಬ್ರವರಿ 18ರಂದು ಜೆಜೆರೊ ಎಂಬ ಕುಳಿಯಲ್ಲಿ ಇಳಿಯಿತು. ಕುಳಿಯ ಅಗಲ ಸುಮಾರು 45 ಕಿಲೋಮೀಟರ್. ಕೋಟ್ಯಂತರ ವರ್ಷಗಳ ಹಿಂದೆ, ಅಂದರೆ ಸುಮಾರು 350 ಕೋಟಿ ವರ್ಷ ಅಥವಾ ಅದಕ್ಕೂ ಮೊದಲು, ಅಲ್ಲಿ ದೊಡ್ಡ ಕೆರೆ ಇತ್ತು. ಪಶ್ಚಿಮದಿಂದ ನದಿಯೊಂದು ಹರಿದು ಬಂದು ಕೆರೆ ಸೇರುವ ಜಾಗದಲ್ಲಿ ಮರಳು, ಕೆಸರು ತಂದು ಹರಡಿತ್ತು. ಆ ಹರವು ಇವತ್ತಿಗೂ ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ರೋವರನ್ನು ಅಲ್ಲಿಗೇ ಕಳಿಸಿದ್ದು ಅದಕ್ಕಾಗಿಯೇ. ನೀರು ನಿಂತ ಕಡೆ ಕೆಸರು ಕೂರುತ್ತದೆ. ಕೆಸರು ಕೂತ ಕಡೆ ಹಳೆಯ ಗುರುತುಗಳು ಉಳಿಯುತ್ತವೆ.

ನದಿ ಬಂದ ದಾರಿಗೆ ನೆರೆಟ್ವಾ ವ್ಯಾಲಿಸ್ ಎಂದು ಹೆಸರು. ಸುಮಾರು 400 ಮೀಟರ್ ಅಗಲದ ಒಣ ಕಣಿವೆ. 2024ರ ಜುಲೈನಲ್ಲಿ ರೋವರ್ ಅಲ್ಲಿ ಒಂದು ಕಲ್ಲಿನ ಮುಂದೆ ನಿಂತಿತು. ತಂಡ ಅದಕ್ಕೆ ಚೆಯಾವಾ ಫಾಲ್ಸ್ ಎಂದು ಹೆಸರಿಟ್ಟಿತು. ಉದ್ದ ಒಂದು ಮೀಟರ್, ಅಗಲ ಅರ್ಧ ಮೀಟರಿಗೆ ಸ್ವಲ್ಪ ಮೇಲೆ. ಬಹಳ ನಯವಾದ ಕೆಸರು ಗಟ್ಟಿಯಾಗಿ ಆದ ಕೆಂಪು ಕಲ್ಲು. ಅದರ ಉದ್ದಕ್ಕೂ ಬಿಳಿ ಗೆರೆಗಳು ಓಡುತ್ತವೆ. ಅವು ಕ್ಯಾಲ್ಸಿಯಂ ಸಲ್ಫೇಟಿನವು, ಬಿರುಕಿನಲ್ಲಿ ನೀರು ಹರಿದು ಬಿಟ್ಟುಹೋದದ್ದು. ಎರಡು ಬಿಳಿ ಗೆರೆಗಳ ನಡುವಿನ ಕೆಂಪು ಪಟ್ಟಿಯಲ್ಲಿ ಚುಕ್ಕೆಗಳಿವೆ. ಒಂದೊಂದೂ ಮಿಲಿಮೀಟರ್ ಲೆಕ್ಕದ್ದು. ನಡುವೆ ತಿಳಿ ಬಣ್ಣ, ಸುತ್ತ ಕಪ್ಪು ಅಂಚು. ತಂಡದವರು ಅವನ್ನು ಚಿರತೆ ಚುಕ್ಕೆ ಎಂದು ಕರೆದರು. ಇನ್ನೂ ಸಣ್ಣ, ಬರೀ ಕಪ್ಪಗಿರುವ ಕಾಳುಗಳೂ ಇವೆ. ಅವಕ್ಕೆ ಗಸಗಸೆ ಎಂದರು.

ರೋವರ್ ತೋಳಿನ ತುದಿಯಲ್ಲಿ ಪಿಕ್ಸಲ್ ಎಂಬ ಉಪಕರಣ ಇದೆ. ಕೂದಲೆಳೆಯಷ್ಟು ಸಣ್ಣ ಎಕ್ಸ್-ರೇ ಕಿರಣವನ್ನು ಕಲ್ಲಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಹಾಯಿಸಿ, ಎಲ್ಲೆಲ್ಲಿ ಯಾವ ಧಾತು ಇದೆ ಎಂದು ಅದು ನಕ್ಷೆ ಬರೆಯುತ್ತದೆ. ಚುಕ್ಕೆಯ ಕಪ್ಪು ಅಂಚಿನಲ್ಲಿ ಕಬ್ಬಿಣ ಮತ್ತು ರಂಜಕ ಒಟ್ಟಿಗೆ ಸಿಕ್ಕವು. ಬಹುಶಃ ವಿವಿಯನೈಟ್ ಎಂಬ ಖನಿಜ. ನಡುವೆ ಕಬ್ಬಿಣ ಮತ್ತು ಗಂಧಕ. ಬಹುಶಃ ಗ್ರೈಗೈಟ್. ಷರ್ಲಾಕ್ ಎಂಬ ಇನ್ನೊಂದು ಉಪಕರಣ ಅದೇ ಕಲ್ಲಿನಲ್ಲಿ ಇಂಗಾಲದ ಸಾವಯವ ವಸ್ತುವನ್ನೂ ಗುರುತಿಸಿತು.

ನನ್ನಂಥವರ ಎದೆಬಡಿತ ಏರುವುದು ಇಲ್ಲಿ. ಭೂಮಿಯ ಮೇಲೆ ವಿವಿಯನೈಟ್ ಸಾಮಾನ್ಯವಾಗಿ ಕೆರೆಯ ತಳದಲ್ಲಿ, ಜೌಗಿನಲ್ಲಿ, ಕೊಳೆಯುವ ವಸ್ತುವಿನ ಸುತ್ತ ಆಗುತ್ತದೆ. ಅಲ್ಲಿ ಗಾಳಿ ಇರುವುದಿಲ್ಲ. ಅಲ್ಲಿನ ಸೂಕ್ಷ್ಮಜೀವಿಗಳು ಆಮ್ಲಜನಕದ ಬದಲು ತುಕ್ಕು ಹಿಡಿದ ಕಬ್ಬಿಣವನ್ನು ಬಳಸಿ ಉಸಿರಾಡುತ್ತವೆ. ಕೆಲವು ಗಂಧಕ ಇರುವ ಸಲ್ಫೇಟನ್ನು ಬಳಸುತ್ತವೆ. ಮೊದಲನೆಯವು ಕಬ್ಬಿಣದ ರೂಪ ಬದಲಿಸಿ ಕರಗಿಸುತ್ತವೆ, ಅದು ಪಕ್ಕದ ರಂಜಕದ ಜೊತೆ ಸೇರಿ ವಿವಿಯನೈಟ್ ಆಗುತ್ತದೆ. ಎರಡನೆಯವು ಸಲ್ಫೈಡ್ ಹುಟ್ಟಿಸುತ್ತವೆ, ಅದು ಕಬ್ಬಿಣದ ಜೊತೆ ಸೇರಿ ಗ್ರೈಗೈಟ್ ಆಗುತ್ತದೆ. ಕೆಂಪು ಕೆಸರು ಆ ಜಾಗದಲ್ಲಿ ಮಾತ್ರ ಬಣ್ಣ ಕಳೆದುಕೊಂಡು ಚುಕ್ಕೆ ಬೀಳುತ್ತದೆ. ಮಂಗಳದ ಆ ಕಲ್ಲಿನಲ್ಲಿ ಈ ಅಡುಗೆಗೆ ಬೇಕಾದ ಎಲ್ಲವೂ ಇವೆ. ಆದ ಮೇಲೆ ಉಳಿಯಬೇಕಾದ ಎರಡು ಖನಿಜಗಳೂ ಇವೆ, ಅದೂ ಉಳಿಯಬೇಕಾದ ಕ್ರಮದಲ್ಲೇ.

ಹಾಗಾದರೆ ತಡೆ ಏನು? ಜೀವವಿಲ್ಲದೆಯೂ ಇದೇ ರಸಾಯನ ನಡೆಯುವ ದಾರಿಗಳಿವೆ. ಸಾವಯವ ವಸ್ತುವೇ ನೇರವಾಗಿ ಕಬ್ಬಿಣದ ಜೊತೆ ವರ್ತಿಸಬಹುದು. ಸಲ್ಫೇಟ್ ಸಲ್ಫೈಡ್ ಆಗಲು ಸಾಮಾನ್ಯವಾಗಿ ಬಹಳ ಬಿಸಿ ಬೇಕು. ಈ ಕಲ್ಲು ಅಷ್ಟು ಬಿಸಿಯಾದ ಗುರುತು ತಂಡಕ್ಕೆ ಕಂಡಿಲ್ಲ. ಆದರೂ ಕೋಟ್ಯಂತರ ವರ್ಷಗಳ ನಿಧಾನಗತಿಯಲ್ಲಿ, ತಣ್ಣಗಿದ್ದೂ ಏನೇನಾಗಬಹುದು ಎಂಬುದನ್ನು ಇಲ್ಲಿನ ಪ್ರಯೋಗಾಲಯಗಳು ಇನ್ನೂ ಪೂರ್ತಿ ಪರೀಕ್ಷಿಸಿ ಮುಗಿಸಿಲ್ಲ. ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಜೋಯೆಲ್ ಹುರೊವಿಟ್ಜ್ ಮತ್ತು ತಂಡ 2025ರ ಸೆಪ್ಟೆಂಬರ್ 10ರಂದು ನೇಚರ್ ಪತ್ರಿಕೆಯಲ್ಲಿ ಇದನ್ನೆಲ್ಲ ಬರೆದರು. ‘ಜೀವದ ಗುರುತು ಇರಬಹುದಾದದ್ದು’ ಎಂಬುದಕ್ಕಿಂತ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ. ಕಲ್ಲು ಸಿಕ್ಕಿದ್ದು 2024ರಲ್ಲಿ, ಪ್ರಬಂಧ ಬಂದಿದ್ದು ಒಂದು ವರ್ಷ ದಾಟಿದ ಮೇಲೆ. ಆ ತಾಳ್ಮೆಗೆ ನಾನು ಕೈಮುಗಿಯುತ್ತೇನೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಟಿವಿ ಹೇಳಿದ್ದು ತಪ್ಪು, ಪೇಪರ್ ಹೇಳಿದ್ದು ಸರಿ. ಆದರೆ ‘ಖಚಿತವಿಲ್ಲ’ ಅಂದ ತಕ್ಷಣ ಏನೂ ಇಲ್ಲ ಎಂದುಕೊಳ್ಳಬೇಡಿ.

ಸೂಕ್ಷ್ಮಜೀವಿಗೆ ಮೂಳೆ ಇಲ್ಲ, ಚಿಪ್ಪಿಲ್ಲ. ಸತ್ತು 350 ಕೋಟಿ ವರ್ಷ ಆದ ಮೇಲೆ ಏನು ತಾನೇ ಉಳಿದಿರುತ್ತೆ? — ಕಾಲೇಜು ವಿದ್ಯಾರ್ಥಿನಿ

ಒಳ್ಳೆಯ ಪ್ರಶ್ನೆ ಕಣಮ್ಮ. ಜೀವಿ ಉಳಿಯುವುದು ಬಹಳ ಅಪರೂಪ. ಅದು ಮಾಡಿಟ್ಟ ಕೆಲಸ ಉಳಿಯುತ್ತದೆ.

ನಾನು ದಿನಾ ಮಾಡುವುದನ್ನೇ ಹೇಳುತ್ತೇನೆ, ಕೇಳು. ಕಲ್ಲಿನಿಂದ ಒಂದು ಚೂರು ಕೊಯ್ದು ಗಾಜಿಗೆ ಅಂಟಿಸುತ್ತೇವೆ. ಅದನ್ನು 0.03 ಮಿಲಿಮೀಟರ್ ದಪ್ಪಕ್ಕೆ ಬರುವವರೆಗೆ ಉಜ್ಜುತ್ತೇವೆ. ಆಗ ಕಲ್ಲಿನ ಮೂಲಕ ಬೆಳಕು ಹಾಯುತ್ತದೆ. ಮೈಕ್ರೋಸ್ಕೋಪಿನ ಕೆಳಗೆ ಇಟ್ಟರೆ ಕೆಸರಿನ ಕಣ ಕಣವೂ ಕಾಣುತ್ತದೆ. ಹಳೆಯ ಕೆರೆ, ಸಮುದ್ರದ ತಳದ ಕಲ್ಲಾದರೆ ಪದರದ ಮೇಲೆ ಪದರ. ಕೆಲವು ಪದರಗಳ ನಡುವೆ ಕೂದಲಿನಂಥ ಕಪ್ಪು ಗೆರೆ. ಈಗ ಕೇಳಬೇಕಾದ ಪ್ರಶ್ನೆ ಒಂದೇ: ಈ ಪದರ ತಾನಾಗಿ ಕೂತದ್ದಾ, ಜೀವಿಗಳು ಕಟ್ಟಿದ್ದಾ?

ಸುಮ್ನೆ ಕೂತ ಕೆಸರು ತಗ್ಗಿನಲ್ಲಿ ದಪ್ಪ ಇರುತ್ತದೆ, ಉಬ್ಬಿನ ಮೇಲೆ ತೆಳ್ಳಗೆ. ಅದು ಗುರುತ್ವದ ಕೆಲಸ. ಸೂಕ್ಷ್ಮಜೀವಿಗಳು ಹಾಸಿದ ಪದರ ಹಾಗಿರುವುದಿಲ್ಲ. ಅವು ಬೆಳಕಿನ ಕಡೆಗೆ ಬೆಳೆಯುತ್ತವೆ, ಅಂಟಿನಿಂದ ಕಣಗಳನ್ನು ಹಿಡಿದುಕೊಳ್ಳುತ್ತವೆ. ಹಾಗಾಗಿ ಉಬ್ಬಿನ ನೆತ್ತಿಯ ಮೇಲೇ ಪದರ ದಪ್ಪವಾಗುತ್ತದೆ, ಸುಕ್ಕು ಸುಕ್ಕಾಗಿರುತ್ತದೆ. ಇಂಥ ಪದರಗಳ ಕಲ್ಲನ್ನು ಸ್ಟ್ರೊಮಾಟೊಲೈಟ್ ಎನ್ನುತ್ತೇವೆ. ಆಸ್ಟ್ರೇಲಿಯಾದ ಪಶ್ಚಿಮದ ಪಿಲ್ಬರಾ ಪ್ರದೇಶದಲ್ಲಿ ಸುಮಾರು 348 ಕೋಟಿ ವರ್ಷ ಹಳೆಯವು ಸಿಕ್ಕಿವೆ. ಜೆಜೆರೊದಲ್ಲಿ ಕೆರೆ ಇದ್ದ ಕಾಲವೂ ಹೆಚ್ಚುಕಡಿಮೆ ಅದೇ. ಒಂದು ಗ್ರಹದಲ್ಲಿ ಜೀವ ತಳವೂರಿದ್ದಾಗ ಪಕ್ಕದ ಗ್ರಹದಲ್ಲೂ ಅದೇ ನೀರು, ಅದೇ ಕೆಸರು, ಅದೇ ಥರದ ಕಲ್ಲು. ಹುಡುಕದೆ ಬಿಡಲು ಆಗುತ್ತದಾ?

ಎರಡನೆಯ ಗುರುತು ಐಸೋಟೋಪು, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು. ಇಂಗಾಲದಲ್ಲಿ 12 ತೂಕದ್ದು, 13 ತೂಕದ್ದು ಎಂದು ಮುಖ್ಯವಾಗಿ ಎರಡಿವೆ. ಜೀವಿಗಳು ಹಗುರವಾದದ್ದನ್ನೇ ಜಾಸ್ತಿ ಬಳಸುತ್ತವೆ. ಗಂಧಕದಲ್ಲೂ ಹಾಗೆಯೇ. ಜೀವಿ ಸತ್ತು ಕರಿ ಆದರೂ ಈ ಲೆಕ್ಕ ಅಳಿಯುವುದಿಲ್ಲ. ಮೂರನೆಯದು ಆಗಲೇ ಹೇಳಿದ ಖನಿಜಗಳು.

ಇಲ್ಲಿ ಮಂಗಳಕ್ಕೆ ಒಂದು ಅನುಕೂಲ ಇದೆ, ಅದನ್ನು ಎಷ್ಟೋ ಜನ ಗಮನಿಸುವುದಿಲ್ಲ. ಭೂಮಿಯ ಹೊರಪದರ ಸರಿಯುತ್ತಲೇ ಇರುತ್ತದೆ. ಹಳೆಯ ಕಲ್ಲು ಒಳಗೆ ಹೋಗಿ ಬೇಯುತ್ತದೆ, ಕರಗುತ್ತದೆ, ಮಡಚಿಕೊಳ್ಳುತ್ತದೆ. 350 ಕೋಟಿ ವರ್ಷ ಹಳೆಯ, ಹೆಚ್ಚು ಬೇಯದ ಕಲ್ಲು ಇಲ್ಲಿ ಕೆಲವೇ ಕಡೆ ಉಳಿದಿದೆ. ಮಂಗಳದಲ್ಲಿ ಆ ಥರ ಸರಿದಾಟ ಇಲ್ಲ. ಅಷ್ಟೇ ಹಳೆಯ ನೆಲ ಕಣ್ಣಿಗೆ ಕಾಣುವ ಹಾಗೆ ವಿಶಾಲವಾಗಿ ಬಿದ್ದಿದೆ. ಜೀವದ ಮೊದಲ ಅಧ್ಯಾಯ ನಮ್ಮ ಗ್ರಹದಲ್ಲಿ ಹರಿದುಹೋಗಿದ್ದರೂ ಅಲ್ಲಿ ಉಳಿದಿರಬಹುದು.

ಸಾವಯವ ವಸ್ತು ಸಿಕ್ಕಿದರೆ ಜೀವ ಇತ್ತು ಅಂತಲೇ ಅರ್ಥ ಅಲ್ವಾ? — ಹೈಸ್ಕೂಲ್ ಹುಡುಗ

ಇಲ್ಲಪ್ಪ. 1969ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್ ಬಳಿ ಒಂದು ಉಲ್ಕಾಶಿಲೆ ಬಿತ್ತು. ಅದರಲ್ಲಿ ಹತ್ತಾರು ಬಗೆಯ ಅಮೈನೋ ಆಮ್ಲಗಳಿದ್ದವು. ಅದರೊಳಗೆ ಯಾವ ಜೀವಿಯೂ ಇರಲಿಲ್ಲ. ಇಂಗಾಲ, ನೀರು, ಸ್ವಲ್ಪ ಬಿಸಿ ಇದ್ದರೆ ಇಂಥ ಅಣುಗಳು ತಾವಾಗಿಯೇ ಕೂಡಿಕೊಳ್ಳುತ್ತವೆ.

ಅಣು ಸಿಕ್ಕಿತಾ ಎನ್ನುವುದಕ್ಕಿಂತ ಎಂಥ ಅಣು, ಯಾವ ಜೋಡಣೆಯಲ್ಲಿ ಎನ್ನುವುದು ಮುಖ್ಯ. ಗೇಲ್ ಕುಳಿಯಲ್ಲಿ ಓಡಾಡುತ್ತಿರುವ ಕ್ಯೂರಿಯಾಸಿಟಿ ರೋವರ್ 2013ರಲ್ಲಿ ಕಂಬರ್ಲ್ಯಾಂಡ್ ಎಂಬ ಕೆಸರುಗಲ್ಲನ್ನು ಕೊರೆದಿತ್ತು. ಅದರ ಪುಡಿಯಲ್ಲಿ 10, 11, 12 ಇಂಗಾಲಗಳ ಸರಪಳಿಯ ಅಣುಗಳು ಸಿಕ್ಕವು ಎಂದು 2025ರ ಮಾರ್ಚ್‌ನಲ್ಲಿ ಪ್ರಕಟವಾಯಿತು. ಮಂಗಳದಲ್ಲಿ ಸಿಕ್ಕ ಅತಿ ಉದ್ದದ ಸರಪಳಿಗಳು ಅವು. ಕೊಬ್ಬಿನ ಆಮ್ಲಗಳು ಒಡೆದು ಬಂದ ತುಂಡುಗಳಿರಬಹುದು ಎಂಬ ಊಹೆ ಇದೆ. ಕೊಬ್ಬಿನ ಆಮ್ಲವನ್ನು ಜೀವಿಗಳೂ ತಮ್ಮ ಜೀವಕೋಶದ ಪೊರೆಗಾಗಿ ಮಾಡುತ್ತವೆ, ಬಿಸಿನೀರು ಮತ್ತು ಕಲ್ಲೂ ಸೇರಿ ಮಾಡುತ್ತವೆ. ಜೀವಿಗಳು ಇಂಗಾಲಗಳನ್ನು ಎರಡೆರಡಾಗಿ ಸೇರಿಸುತ್ತವೆ, ಹಾಗಾಗಿ ಸಮಸಂಖ್ಯೆಯ ಸರಪಳಿಗಳು ಜಾಸ್ತಿ ಇರುತ್ತವೆ. ಇನ್ನೂ ಉದ್ದದ ಸರಪಳಿಗಳು ಸಿಕ್ಕಿ, ಅವುಗಳಲ್ಲಿ ಆ ಸಮ-ಬೆಸದ ಏರಿಳಿತ ಕಂಡರೆ, ಆಗ ನಾನು ಕುರ್ಚಿಯಿಂದ ಎದ್ದು ನಿಲ್ಲುತ್ತೇನೆ.

1976ರಲ್ಲೇ ವೈಕಿಂಗ್ ನೌಕೆ ಮಂಗಳದಲ್ಲಿ ಜೀವ ಕಂಡುಹಿಡಿದಿತ್ತು, ಅದನ್ನು ಮುಚ್ಚಿಟ್ಟರು ಎಂದು ಓದಿದ್ದೇನೆ. ನಿಜವೇ? — ಓದುಗರೊಬ್ಬರು

ಯಾರೂ ಮುಚ್ಚಿಟ್ಟಿಲ್ಲ. ಆ ಪ್ರಯೋಗದ ಅಂಕಿಅಂಶಗಳ ಮೇಲೆ ಇವತ್ತಿಗೂ ಬಹಿರಂಗವಾಗಿ ಚರ್ಚೆ ನಡೆಯುತ್ತಿದೆ.

ವೈಕಿಂಗ್ 1 ಇಳಿದದ್ದು 1976ರ ಜುಲೈ 20ರಂದು, ವೈಕಿಂಗ್ 2 ಸೆಪ್ಟೆಂಬರ್ 3ರಂದು. ಎರಡರಲ್ಲೂ ಜೀವ ಹುಡುಕುವ ಮೂರು ಪ್ರಯೋಗಗಳಿದ್ದವು. ಗಿಲ್ಬರ್ಟ್ ಲೆವಿನ್ ಅವರ ಪ್ರಯೋಗದಲ್ಲಿ ಮಂಗಳದ ಮಣ್ಣಿಗೆ ಪೋಷಕ ದ್ರವದ ಹನಿ ಹಾಕಿದರು. ಅದರ ಇಂಗಾಲ ವಿಕಿರಣ ಸೂಸುವಂಥದ್ದು. ಮಣ್ಣಿನಲ್ಲಿ ಯಾವುದಾದರೂ ಜೀವಿ ಅದನ್ನು ತಿಂದರೆ ವಿಕಿರಣ ಸೂಸುವ ಅನಿಲ ಹೊರಬರಬೇಕು. ಬಂತು! ಅದೇ ಮಣ್ಣನ್ನು ಮೊದಲು 160 ಡಿಗ್ರಿಗೆ ಕಾಯಿಸಿ ನೋಡಿದರೆ ಬರಲಿಲ್ಲ. ಜೀವಿ ಇದ್ದರೆ ಹೀಗೇ ಆಗಬೇಕು ಎಂದು ಮೊದಲೇ ಅಂದುಕೊಂಡಿದ್ದರು, ಹಾಗೇ ಆಯಿತು.

ತೊಡಕು ಬಂದಿದ್ದು ಆಮೇಲೆ. ಎರಡನೆಯ ಸಲ ದ್ರವ ಹಾಕಿದಾಗ ಅನಿಲ ಮತ್ತೆ ಏರಲಿಲ್ಲ. ಹಸಿದ ಜೀವಿ ಮತ್ತೆ ಊಟ ಕೊಟ್ಟರೆ ತಿನ್ನಬೇಕಲ್ವಾ? ಇನ್ನೊಂದು ಉಪಕರಣ ಮಣ್ಣಿನಲ್ಲಿ ಮಂಗಳದ್ದೇ ಎನ್ನಬಹುದಾದ ಸಾವಯವ ವಸ್ತುವೇ ಇಲ್ಲ ಎಂದಿತು. ದೇಹವೇ ಇಲ್ಲದೆ ಉಸಿರು ಎಲ್ಲಿಂದ? ಹಾಗಾಗಿ ಮಣ್ಣಿನ ರಸಾಯನದ್ದೇ ಕೆಲಸ ಎಂದು ಹೆಚ್ಚಿನವರು ತೀರ್ಮಾನಿಸಿದರು.

2008ರಲ್ಲಿ ಫೀನಿಕ್ಸ್ ನೌಕೆ ಮಂಗಳದ ಮಣ್ಣಿನಲ್ಲಿ ಪರ್ಕ್ಲೋರೇಟ್ ಎಂಬ ಲವಣ ಕಂಡುಹಿಡಿಯಿತು. ಅದನ್ನು ಕಾಯಿಸಿದರೆ ಪಕ್ಕದ ಸಾವಯವ ವಸ್ತುವನ್ನು ಸುಟ್ಟುಬಿಡುತ್ತದೆ. ವೈಕಿಂಗ್ ಉಪಕರಣ ಮಾಡಿದ್ದು ಕಾಯಿಸುವ ಕೆಲಸವನ್ನೇ. ಅಂದರೆ ಇದ್ದ ಸಾಕ್ಷ್ಯವನ್ನು ಅದೇ ಸುಟ್ಟಿರಬಹುದು. ಲೆವಿನ್ 2021ರಲ್ಲಿ ತೀರಿಕೊಳ್ಳುವವರೆಗೂ ತಾವು ಜೀವ ಕಂಡಿದ್ದು ನಿಜ ಎಂದೇ ನಂಬಿದ್ದರು. ನಾನು ಅವರ ತೀರ್ಮಾನವನ್ನು ಒಪ್ಪುವುದಿಲ್ಲ. ಆದರೆ ಆ ಪ್ರಯೋಗದ ಜಾಣ್ಮೆಯನ್ನು ಮೆಚ್ಚುತ್ತೇನೆ. ಮಣ್ಣಿನ ರಸಾಯನ ತಿಳಿಯದೆ ಜೀವದ ಪರೀಕ್ಷೆ ಮಾಡಿದರೆ ಉತ್ತರ ಬಂದರೂ ಓದಲು ಆಗುವುದಿಲ್ಲ. ಆಮೇಲೆ ಬಂದ ನೌಕೆಗಳು ಮೊದಲು ನೀರು, ಆಮೇಲೆ ಕಲ್ಲು, ಆಮೇಲೆ ಜೀವದ ಗುರುತು ಎಂಬ ಕ್ರಮ ಹಿಡಿದದ್ದು ಅದಕ್ಕೇ.

1996ರಲ್ಲಿ ಅಮೆರಿಕದ ಅಧ್ಯಕ್ಷರೇ ಮಂಗಳದ ಜೀವದ ಬಗ್ಗೆ ಮಾತಾಡಿದ್ದರಲ್ಲ, ಆ ಉಲ್ಕಾಶಿಲೆ ಏನಾಯ್ತು? — ಬ್ಯಾಂಕ್ ಉದ್ಯೋಗಿ

ಹೆಸರು ಎಎಲ್‌ಎಚ್84001. 1984ರ ಡಿಸೆಂಬರ್ 27ರಂದು ಅಂಟಾರ್ಕ್ಟಿಕಾದ ಆಲನ್ ಹಿಲ್ಸ್ ಬಳಿ ಹಿಮದ ಮೇಲೆ ಸಿಕ್ಕಿತು. ತೂಕ 1.93 ಕಿಲೋ. ಮಂಗಳದ್ದು ಎಂದು ಗೊತ್ತಾಗಿದ್ದೇ ಸುಮಾರು ಒಂಬತ್ತು ವರ್ಷದ ಮೇಲೆ. ವಯಸ್ಸು 400 ಕೋಟಿ ವರ್ಷಕ್ಕೂ ಜಾಸ್ತಿ.

1996ರ ಆಗಸ್ಟ್‌ನಲ್ಲಿ ನಾಸಾದ ಡೇವಿಡ್ ಮೆಕೇ ಮತ್ತು ತಂಡ ಇದರಲ್ಲಿ ನಾಲ್ಕು ಗುರುತುಗಳನ್ನು ತೋರಿಸಿತು: ಕಾರ್ಬೊನೇಟ್ ಉಂಡೆಗಳು, ಸಾವಯವ ಅಣುಗಳು, ಸಣ್ಣ ಮ್ಯಾಗ್ನೆಟೈಟ್ ಹರಳುಗಳು, ಹುಳುವಿನಂಥ ಆಕಾರಗಳು. ಬಿಲ್ ಕ್ಲಿಂಟನ್ ಶ್ವೇತಭವನದ ಅಂಗಳದಲ್ಲಿ ನಿಂತು ಮಾತಾಡಿದರು. ಜಗತ್ತೆಲ್ಲ ಆ ಹುಳುವಿನ ಚಿತ್ರವನ್ನೇ ನೋಡಿತು. ಕೊನೆಗೆ ಮೊದಲು ಬಿದ್ದದ್ದೂ ಆ ಹುಳುವೇ. ಒಂದು ಜೀವಕೋಶ ಬದುಕಲು ಬೇಕಾದ ಸಾಮಾನು ಹಿಡಿಸಲಾರದಷ್ಟು ಸಣ್ಣದು ಅದು. ಉಳಿದ ಮೂರಕ್ಕೂ ಒಂದೊಂದಾಗಿ ಜೀವವಿಲ್ಲದ ವಿವರಣೆ ಸಿಕ್ಕಿತು. 2022ರಲ್ಲಿ ಆಂಡ್ರ್ಯೂ ಸ್ಟೀಲ್ ಅವರ ತಂಡ, ಅದರ ಸಾವಯವ ಅಣುಗಳು ನೀರು ಮತ್ತು ಕಲ್ಲಿನ ರಸಾಯನದಿಂದಲೇ ಹುಟ್ಟಿದವು ಎಂದು ತೋರಿಸಿತು. ಇವತ್ತು ಅದನ್ನು ಜೀವದ ಸಾಕ್ಷಿ ಎನ್ನುವವರು ತೀರಾ ಕಡಿಮೆ.

ಆಕಾರವನ್ನು ನಂಬಬೇಡಿ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುವುದು ಇದಕ್ಕೇ. ಭೂಮಿಯಲ್ಲೂ ಇದೇ ಗೋಳು. 2016ರಲ್ಲಿ ಗ್ರೀನ್‌ಲ್ಯಾಂಡಿನ ಇಸುವಾದಲ್ಲಿ 370 ಕೋಟಿ ವರ್ಷ ಹಳೆಯ ಸ್ಟ್ರೊಮಾಟೊಲೈಟ್ ಸಿಕ್ಕಿದೆ ಎಂದು ಒಂದು ತಂಡ ಬರೆಯಿತು. ಸಣ್ಣ ಸಣ್ಣ ತ್ರಿಕೋನದ ಉಬ್ಬುಗಳು. 2018ರಲ್ಲಿ ಅಬಿಗೇಲ್ ಆಲ್‌ವುಡ್ ಮತ್ತು ಸಂಗಡಿಗರು ಅದೇ ಕಲ್ಲನ್ನು ಬೇರೆ ಮಗ್ಗುಲಿನಿಂದ ನೋಡಿದರು. ಉಬ್ಬುಗಳು ಒಳಗೆ ಉದ್ದಕ್ಕೆ ಚಾಚಿಕೊಂಡಿದ್ದವು. ಕಲ್ಲು ಒತ್ತಡಕ್ಕೆ ಸಿಕ್ಕಿ ಮಡಚಿದ ಗುರುತು, ಜೀವಿ ಕಟ್ಟಿದ್ದಲ್ಲ ಎಂದರು. ಆ ವಾದ ಇನ್ನೂ ತಣ್ಣಗಾಗಿಲ್ಲ. ಆದರೆ ಗಮನಿಸಿ, ಪರ್ಸಿವಿಯರೆನ್ಸ್‌ನ ಪಿಕ್ಸಲ್ ಉಪಕರಣದ ಮುಖ್ಯಸ್ಥೆಯಾಗಿ ಅದನ್ನು ರೂಪಿಸಿದವರು ಇದೇ ಆಲ್‌ವುಡ್. ಕಲ್ಲನ್ನು ಸುಲಭಕ್ಕೆ ನಂಬದವರ ಕೈಗೇ ಆ ಕೆಲಸ ಹೋಗಿದ್ದು ನನಗೆ ಬಹಳ ಸಮಾಧಾನ ಕೊಟ್ಟ ಸಂಗತಿ.

ಅಲ್ಲಿ ಸಿಕ್ಕಿದ್ದು ನಮ್ಮ ರೋವರ್ ಜೊತೆ ಭೂಮಿಯಿಂದಲೇ ಹೋದ ಕೊಳೆ ಆಗಿದ್ದರೆ? — ಗೃಹಿಣಿ

ಈ ಅನುಮಾನ ವಿಜ್ಞಾನಿಗಳಿಗೂ ಇದೆ, ಅಕ್ಕ. ಅದಕ್ಕೇ ರೋವರ್ ಕಲ್ಲು ಕೊರೆದು ಮಾದರಿ ತುಂಬಿಟ್ಟುಕೊಳ್ಳುವ ಕೊಳವೆಗಳನ್ನು ಬಿಸಿಯಲ್ಲಿ ಕಾಯಿಸಿ, ಅತಿ ಸ್ವಚ್ಛ ಕೋಣೆಯಲ್ಲಿ ಜೋಡಿಸಿದರು. ಒಟ್ಟು 43 ಕೊಳವೆಗಳಲ್ಲಿ 5 ಕೊಳವೆಗಳಿಗೆ ಕಲ್ಲು ತುಂಬುವುದೇ ಇಲ್ಲ. ಕೊರೆಯುವ ಜಾಗದಲ್ಲೇ ಅವುಗಳನ್ನೂ ತೆರೆದು ಮುಚ್ಚುತ್ತಾರೆ. ರೋವರ್‌ನಿಂದ ಉದುರುವ ಕೊಳೆ ಏನಾದರೂ ಇದ್ದರೆ ಅವುಗಳಲ್ಲೂ ಸಿಗುತ್ತದೆ. ಆಗ ಕಲ್ಲಿನದ್ದು ಯಾವುದು, ನಮ್ಮದು ಯಾವುದು ಎಂದು ತಾಳೆ ನೋಡಬಹುದು. ಇನ್ನು ಚುಕ್ಕೆ ಕಲ್ಲಿನ ಖನಿಜಗಳ ಬಗ್ಗೆ ಈ ಹೆದರಿಕೆ ಬೇಡ. ಅವು ಕಲ್ಲಿನ ಮೈಯೊಳಗೇ ಬೆಳೆದಿವೆ.

ರೋವರ್‌ನಲ್ಲೇ ಇಷ್ಟೆಲ್ಲ ಉಪಕರಣ ಇರುವಾಗ ಕಲ್ಲನ್ನು ಇಲ್ಲಿಗೆ ತರಬೇಕು ಎಂಬ ಹಠ ಯಾಕೆ? ಅಷ್ಟೊಂದು ಖರ್ಚು ಬೇಕಾ? — ಎಂಜಿನಿಯರ್ ಒಬ್ಬರು

ಬೇಕು. ಈ ಅಂಕಣದಲ್ಲಿ ನಾನು ಯಾವುದಾದರೂ ಒಂದು ಮಾತಿಗೆ ಪಟ್ಟು ಹಿಡಿಯುವುದಾದರೆ ಇದಕ್ಕೇ.

ರೋವರ್ ಮಾಡಬಲ್ಲದ್ದು ಇಷ್ಟು: ಕಲ್ಲಿನ ಮೈಯನ್ನು 5 ಸೆಂಟಿಮೀಟರ್ ಅಗಲಕ್ಕೆ ಉಜ್ಜುತ್ತದೆ, ಅನಿಲ ಊದಿ ಧೂಳು ಹಾರಿಸುತ್ತದೆ, ಮೇಲ್ಮೈ ನೋಡುತ್ತದೆ. ಕಲ್ಲಿನ ತೆಳು ಪದರ ಮಾಡಲು ಅದಕ್ಕೆ ಆಗುವುದಿಲ್ಲ. ಚುಕ್ಕೆಯ ಅಂಚಿನಲ್ಲಿ ಹರಳುಗಳು ಹೇಗೆ ಒಂದರ ಮೇಲೊಂದು ಬೆಳೆದಿವೆ, ಯಾವುದು ಮೊದಲು, ಯಾವುದು ಆಮೇಲೆ, ಅದನ್ನು ನೋಡಲಾಗುವುದಿಲ್ಲ. ಗ್ರೈಗೈಟ್‌ನ ಗಂಧಕದಲ್ಲಿ ಹಗುರವಾದ ಐಸೋಟೋಪ್ ಎಷ್ಟು, ಭಾರವಾದದ್ದು ಎಷ್ಟು ಎಂದು ಅಳೆಯಲಾಗುವುದಿಲ್ಲ. ಅದೊಂದು ಅಳತೆ ಸಿಕ್ಕರೆ ವಾದ ಎಷ್ಟೋ ಮುಂದೆ ಹೋಗುತ್ತದೆ. ಅದಕ್ಕೆ ಬೇಕಾದ ಯಂತ್ರ ಒಂದು ಕೋಣೆ ತುಂಬುತ್ತದೆ. ಅದನ್ನು ಮಂಗಳಕ್ಕೆ ಕಳಿಸುವುದಕ್ಕಿಂತ ಕಲ್ಲನ್ನು ಇಲ್ಲಿಗೆ ತರುವುದೇ ಜಾಣತನ. ಇನ್ನೊಂದು ಲಾಭವೂ ಇದೆ. ಕಲ್ಲು ಇಲ್ಲಿಗೆ ಬಂದರೆ ಬೇರೆ ಬೇರೆ ದೇಶದ, ಒಬ್ಬರ ಮಾತನ್ನು ಒಬ್ಬರು ಒಪ್ಪದ ತಂಡಗಳು ಅದೇ ಚೂರನ್ನು ಮತ್ತೆ ಮತ್ತೆ ಪರೀಕ್ಷಿಸಬಹುದು. ಎಎಲ್‌ಎಚ್84001ರ ವಾದ ಇತ್ಯರ್ಥ ಆಗುತ್ತಾ ಬಂದದ್ದೂ ಹಾಗೆಯೇ.

ಚುಕ್ಕೆ ಕಲ್ಲಿನಿಂದ ರೋವರ್ ಒಂದು ತುಂಡು ಕೊರೆದು ಇಟ್ಟುಕೊಂಡಿದೆ. ಅದರ ಹೆಸರು ಸಫೈರ್ ಕ್ಯಾನ್ಯನ್. ಗಾತ್ರ ಒಂದು ಸೀಮೆಸುಣ್ಣದ ತುಂಡಿನಷ್ಟು: ಉದ್ದ ಸುಮಾರು 6 ಸೆಂಟಿಮೀಟರ್, ದಪ್ಪ 13 ಮಿಲಿಮೀಟರ್. ಮೊಹರು ಮಾಡಿದ ಕೊಳವೆಯಲ್ಲಿ ರೋವರ್‌ನ ಹೊಟ್ಟೆಯೊಳಗಿದೆ. ಬೇರೆ 10 ಕೊಳವೆಗಳನ್ನು 2023ರ ಜನವರಿಯ ಹೊತ್ತಿಗೆ ತ್ರೀ ಫೋರ್ಕ್ಸ್ ಎಂಬ ಜಾಗದಲ್ಲಿ ನೆಲದ ಮೇಲೆ ಇಟ್ಟು ಬಂದಿತ್ತು. ಅವುಗಳಲ್ಲಿ ಈ ಕಲ್ಲಿಲ್ಲ, ಆಗ ಇದು ಸಿಕ್ಕೇ ಇರಲಿಲ್ಲ.

ತರುವ ಯೋಜನೆ ಅಮೆರಿಕ ಮತ್ತು ಯುರೋಪಿನದ್ದಾಗಿತ್ತು. ಖರ್ಚು 1,100 ಕೋಟಿ ಡಾಲರ್‌ವರೆಗೆ ಹೋಗಬಹುದು, ಕಲ್ಲು ಬರುವಾಗ 2040 ಆಗಬಹುದು ಎಂಬ ಲೆಕ್ಕ ಬಂದ ಮೇಲೆ 2024ರ ಏಪ್ರಿಲ್‌ನಲ್ಲಿ ನಾಸಾ ‘ಇದು ಆಗದ ಮಾತು, ಬೇರೆ ದಾರಿ ಹುಡುಕೋಣ’ ಎಂದಿತು. ಆಮೇಲೆ ಅದು ಗಟ್ಟಿ ನೆಲ ಕಾಣಲೇ ಇಲ್ಲ. ನನಗೆ ಇದು ನಿಜಕ್ಕೂ ಸಂಕಟ. ಬಜೆಟ್ ಮಾಡುವವರ ಕಷ್ಟ ಅರ್ಥವಾಗುತ್ತದೆ. ಖರ್ಚು ಕಡಿಮೆ ಮಾಡಬೇಕು ಎನ್ನುವುದೂ ಸರಿ. ಆದರೆ ಅತಿ ಕಷ್ಟದ ಅರ್ಧ ಕೆಲಸ ಮುಗಿದಿದೆ. ಸರಿಯಾದ ಕೆರೆ ಹುಡುಕಿ, ಸರಿಯಾದ ಕಲ್ಲು ಆರಿಸಿ, ಕೊರೆದು, ಮೊಹರು ಹಾಕಿ ಇಟ್ಟಾಗಿದೆ. ಉಳಿದಿರುವುದು ಸಾಗಾಣಿಕೆ. ನೀವು ಎಂಜಿನಿಯರ್ ಅಂದಿರಿ. ಸಾಗಾಣಿಕೆ ನಿಮ್ಮವರ ವಿದ್ಯೆ.

ಚೀನಾ 2028ರ ಸುಮಾರಿಗೆ ತಿಯಾನ್‌ವೆನ್-3 ಕಳಿಸಿ ಮಂಗಳದ ಮಾದರಿ ತರುವ ಸಿದ್ಧತೆಯಲ್ಲಿದೆ. ಅದು ಇಳಿಯುವುದು ಬೇರೆ ಜಾಗದಲ್ಲಿ, ಹಾಗಾಗಿ ಚುಕ್ಕೆ ಕಲ್ಲು ಅದರ ಕೈಗೆ ಸಿಗುವುದಿಲ್ಲ. ಆದರೂ ಯಾರೇ ತಂದರೂ ಮಂಗಳದ ಕಲ್ಲು ಮಂಗಳದ ಕಲ್ಲೇ. ನಾನು ಕಾಯುತ್ತೇನೆ.

ನೆಲ ಅಗೆದು ನೋಡಿದರೆ ಈಗಲೂ ಜೀವಿಗಳು ಇರಬಹುದಾ? ಬರೀ ಹಳೆಯದನ್ನೇ ಯಾಕೆ ಹುಡುಕುತ್ತಾರೆ? — ಓದುಗರೊಬ್ಬರು

ಆಳದಲ್ಲಿ ಇರಬಹುದು, ಇಲ್ಲ ಎನ್ನಲು ಆಗದು. ಆದರೆ ಮೇಲ್ಮೈ ಬಹಳ ಕ್ರೂರ. ಗಾಳಿಯ ಒತ್ತಡ ಭೂಮಿಯ ನೂರರಲ್ಲಿ ಒಂದು ಪಾಲೂ ಇಲ್ಲ. ಗ್ರಹದ ಕಾಂತಕ್ಷೇತ್ರ ಬಹಳ ಹಿಂದೆಯೇ ಆರಿಹೋಗಿದೆ, ಸೂರ್ಯನಿಂದ ಬೀಸುವ ಕಣಗಳ ಗಾಳಿ ವಾತಾವರಣವನ್ನು ನಿಧಾನವಾಗಿ ಕಿತ್ತೊಯ್ದಿದೆ. ಬಾಹ್ಯಾಕಾಶದ ವಿಕಿರಣ ನೆಲದ ಮೇಲಿನ ಪದರದ ಸಾವಯವ ಅಣುಗಳನ್ನು ಒಡೆಯುತ್ತಲೇ ಇರುತ್ತದೆ. ಅದಕ್ಕೇ ಯುರೋಪಿನ ರೊಸಾಲಿಂಡ್ ಫ್ರಾಂಕ್ಲಿನ್ ರೋವರ್‌ಗೆ 2 ಮೀಟರ್ ಆಳಕ್ಕೆ ಕೊರೆಯುವ ಡ್ರಿಲ್ ಕೊಟ್ಟಿದ್ದಾರೆ. 2028ರಲ್ಲಿ ಹಾರಿಸುವ ಯೋಜನೆ. ಅಷ್ಟು ಕೆಳಗೆ ಅಣುಗಳು ಚೆನ್ನಾಗಿ ಉಳಿದಿರುವ ಸಾಧ್ಯತೆ ಜಾಸ್ತಿ. ಪರ್ಸಿವಿಯರೆನ್ಸ್ ಕೊರೆಯುವುದು ಕೆಲವೇ ಸೆಂಟಿಮೀಟರ್.

ಮೇಡಂ, ನಾನು ಒಂಬತ್ತನೇ ಕ್ಲಾಸು. ದೊಡ್ಡವಳಾದ ಮೇಲೆ ಇದೇ ಕೆಲಸ ಮಾಡಬೇಕು. ಏನು ಓದಬೇಕು? ಈಗಲೇ ಏನಾದ್ರೂ ಮಾಡಬಹುದಾ? — ವಿದ್ಯಾರ್ಥಿನಿ

ರಸಾಯನ ವಿಜ್ಞಾನ ಬಿಡಬೇಡ ಪುಟ್ಟಿ. ಭೂವಿಜ್ಞಾನ ಆಮೇಲೆ ಬರುತ್ತದೆ, ಸೂಕ್ಷ್ಮಜೀವಿಗಳ ಪಾಠವೂ ಬೇಕಾಗುತ್ತದೆ. ಈ ಮೂರರಲ್ಲಿ ಒಂದನ್ನು ಆಳವಾಗಿ, ಉಳಿದೆರಡನ್ನು ಮಾತಾಡಲು ಬರುವಷ್ಟು ಕಲಿತರೆ ಸಾಕು.

ಈಗಲೇ ಮಾಡುವಂಥದ್ದೂ ಇದೆ. ರೋವರ್ ತೆಗೆದ ಚಿತ್ರಗಳನ್ನು ನಾಸಾ ತನ್ನ ಜಾಲತಾಣದಲ್ಲಿ ಎಲ್ಲರಿಗೂ ಬಿಟ್ಟಿದೆ. ದುಡ್ಡು ಕೊಡಬೇಕಿಲ್ಲ. ಚೆಯಾವಾ ಫಾಲ್ಸ್‌ನ ಹತ್ತಿರದ ಚಿತ್ರ ಹುಡುಕು. ತೋಳಿನ ತುದಿಯ ವಾಟ್ಸನ್ ಕ್ಯಾಮೆರಾ ತೆಗೆದದ್ದು. ಒಂದು ಹಾಳೆಯ ಮೇಲೆ ಅದನ್ನು ಕೈಯಲ್ಲೇ ಬಿಡಿಸು. ಬಿಳಿ ಗೆರೆ ಎಲ್ಲಿ, ಕೆಂಪು ಪಟ್ಟಿ ಎಲ್ಲಿ, ಅಂಚಿರುವ ಚುಕ್ಕೆ ಯಾವುದು, ಬರೀ ಕಪ್ಪು ಕಾಳು ಯಾವುದು ಎಂದು ಬೇರೆ ಬೇರೆ ಬಣ್ಣದಲ್ಲಿ ಗುರುತಿಸು. ಚುಕ್ಕೆಗಳು ಬಿಳಿ ಗೆರೆಗೆ ಹತ್ತಿರ ಇವೆಯಾ, ದೂರ ಇವೆಯಾ ಎಂದು ನೋಡು. ಬಿಸಿನೀರು ಗೆರೆಯ ಮೂಲಕ ಬಂದು ಚುಕ್ಕೆ ಮಾಡಿತೋ, ಅಥವಾ ಕೆಸರು ಹಸಿಯಿದ್ದಾಗಲೇ ಚುಕ್ಕೆ ಆಗಿತ್ತೋ ಎಂದು ಕೇಳುವವರು ಮೊದಲು ನೋಡುವುದು ಇದನ್ನೇ. ಬಿಡಿಸಿದ ಹಾಳೆಯನ್ನು ಪತ್ರಿಕೆಗೆ ಕಳಿಸು, ನಿನಗೆ ಏನನಿಸಿತು ಎಂದು ಎರಡು ಸಾಲು ಬರೆದು. ಮುಂದಿನ ಸಂಚಿಕೆಯಲ್ಲಿ ಅದರ ಬಗ್ಗೆಯೇ ಮಾತಾಡೋಣ.